ಹಾಸಿಗೆ ಅಜ್ಜಿಯ ‘ಊಂ’

ಹೋದ ತಿಂಗಳು ಮೈಸೂರಿನ ವಿಜಯನಗರದ ಮನೆಯೊಂದರ ಮಹಡಿ ಹತ್ತಿ, ಕೋಣೆಯ ಬಾಗಿಲು ತಳ್ಳಿದ ತಕ್ಷಣ ಮೂಗಿಗೆ ಹಳೇ ಹತ್ತಿಯ ವಾಸನೆ ಬಡಿಯಿತು. ಬಿಸಿಲಿಗೆ ಹಾಕಿ ಬಡಿದು ಒಳಗೆ ತಂದ ಹಾಸಿಗೆಯಿಂದ ಬರುತ್ತದಲ್ಲ, ಒಂಚೂರು ಧೂಳಿನ ಜೊತೆ ಯಾರದೋ ತಲೆಯ ಕೊಬ್ಬರಿ ಎಣ್ಣೆಯೂ ಬೆರೆತದ್ದು… ಅದೇ. ನಾನು ಅಲ್ಲಿಗೆ ಹೋಗಿದ್ದು ಕಥೆ ಹೇಳುವುದಕ್ಕೆ. ಮಕ್ಕಳು ಮೊಬೈಲಿನಲ್ಲಿ ಕಥೆ ಕೇಳುವ ಒಂದು ಆ್ಯಪ್‌ಗೆ ಕನ್ನಡದ ಕಥೆಗಳು ಬೇಕಾಗಿದ್ದವು, ಯಾರೋ ನನ್ನ ಹೆಸರು ಹೇಳಿದ್ದರು. ರೆಕಾರ್ಡಿಂಗ್ ಮಾಡುವ ಹುಡುಗಿ ತನ್ನ ಮನೆಯ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದಳು. ಬೀದಿಯ ಸದ್ದು ಒಳಗೆ ಬರಬಾರದೆಂದು ಮನೆಯಲ್ಲಿದ್ದ ಹತ್ತಿ ಹಾಸಿಗೆಗಳನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. ಮನೆಯವರೆಲ್ಲ ಈಗ ಫೋಮ್ ಹಾಸಿಗೆಯ ಮೇಲೆ ಮಲಗುತ್ತಾರಂತೆ, ಇವುಗಳಿಗೆ ಬೇರೆ ಕೆಲಸವಿಲ್ಲವಂತೆ. ಸದ್ದನ್ನೆಲ್ಲ ಇವು ಕುಡಿದುಬಿಡುತ್ತವೆ ಮೇಡಂ ಎಂದು ಹೆಮ್ಮೆಯಿಂದ ತೋರಿಸಿದಳು.

ಕಥೆ ಶುರು ಮಾಡುವುದು ಬಿಟ್ಟು ನಾನು ಒಂದು ಹಾಸಿಗೆಯ ಅಂಚು ತಿರುಗಿಸಿ ಹೊಲಿಗೆ ನೋಡುತ್ತ ನಿಂತೆ. ಹುಡುಗಿ ಏನಂದುಕೊಂಡಳೋ ಏನೋ. ಗಂಟುಗಳು ಸಣ್ಣವಿದ್ದವು, ಹೊಲಿಗೆ ಒಂದು ಕಡೆ ಓರೆಯಾಗಿ ಓಡಿತ್ತು. ನಾನು ಹುಡುಕುತ್ತಿದ್ದ ಕೈ ಅದಲ್ಲ. ಲಷ್ಕರ್ ಮೊಹಲ್ಲಾದ ನಮ್ಮ ಬೀದಿಯ ಹಾಸಿಗೆ ಅಜ್ಜಿಯ ಹೊಲಿಗೆ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ನನಗೆ ಗೊತ್ತಾಗುತ್ತಿತ್ತು.

ನಮ್ಮಪ್ಪನ ದಿನಸಿ ಅಂಗಡಿಯ ಎದುರಿಗೇ ಅಜ್ಜಿಯ ಅಂಗಡಿ. ಅಂಗಡಿ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಒಂದು ಉದ್ದನೆಯ ಕೋಣೆ, ಅದರ ತುಂಬ ಹತ್ತಿ, ಬಾಗಿಲ ಹತ್ತಿರ ಬೆಳಕು ಬೀಳುವ ಕಡೆ ಒಂದು ಚಾಪೆ, ಚಾಪೆಯ ಮೇಲೆ ಅಜ್ಜಿ. ಒಳಗೆ ಅವರ ಮಗ ಹತ್ತಿ ಹಿಂಜಿ ತುಂಬುತ್ತಿದ್ದರು, ಅಜ್ಜಿ ದಬ್ಬಳ ಹಿಡಿದು ಹೊಲಿಯುತ್ತಿದ್ದರು. ತಲೆಯಲ್ಲಿ ಬಿಳಿ ಕೂದಲು ಎಷ್ಟು, ಹತ್ತಿ ಎಷ್ಟು ಅಂತ ಹೇಳುವುದು ಕಷ್ಟ. ತಿ. ನರಸೀಪುರದ ಕಡೆಯ ಹಳ್ಳಿಯಿಂದ ರಾಗಿ ಹೊಲ ಮಾರಿ ಬಂದವರಂತೆ. ಬಂದು ಎಷ್ಟೋ ವರ್ಷವಾಗಿದ್ದರೂ ಹಳ್ಳಿಯ ಮಾತನ್ನು ಮಾತ್ರ ಮೈಸೂರಿಗೆ ಬಿಟ್ಟುಕೊಟ್ಟಿರಲಿಲ್ಲ. ಜೀವನವಿಡೀ ಹಾಸಿಗೆ ಹೊಲಿದವರು ಒಂದು ದಿನಕ್ಕೂ ಅದನ್ನು ಹಾಸಿಗೆ ಎನ್ನಲಿಲ್ಲ, ‘ಆಸ್ಗೆ’ ಎಂದೇ ಅಂದರು. ಅವರ ಹೆಸರೇನು ಅಂತ ಬೀದಿಯಲ್ಲಿ ಯಾರೂ ಕೇಳಿದ್ದಿಲ್ಲ, ಎಲ್ಲರಿಗೂ ಅವರು ಹಾಸಿಗೆ ಅಜ್ಜಿ.

ಅಜ್ಜಿಗೆ ಕಥೆಯ ಹುಚ್ಚು. ಹೇಳುವ ಹುಚ್ಚಲ್ಲ, ಕೇಳುವ ಹುಚ್ಚು. ಅವರ ಬಾಯಿಂದ ಒಂದು ಕಥೆಯನ್ನೂ ನಾನು ಕೇಳಿದ ನೆನಪಿಲ್ಲ. ನಂಗೆ ಏಳಕ್ಕೆ ಬರಾಕಿಲ್ಲ ಕಣವ್ವ, ನೀನು ಏಳು ಅಂತ ಕೈಚೆಲ್ಲಿಬಿಡುತ್ತಿದ್ದರು. ಆದರೆ ಕೇಳುವುದಕ್ಕೆ ಕೂತರೆ ಅವರಿಗೆ ಸಮನಾದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಅವರ ಹಳ್ಳಿಯಲ್ಲಿ ಒಂದು ಪದ್ಧತಿಯಂತೆ. ಒಬ್ಬರು ಕಥೆ ಹೇಳುತ್ತಿದ್ದರೆ ಕೇಳುವವರಲ್ಲಿ ಒಬ್ಬರು ಮಾತು ಮಾತಿಗೂ ಹೂಂಗುಟ್ಟಬೇಕು. ಹೂಂ ಬರುತ್ತಿರುವವರೆಗೂ ಕಥೆ ನಡೆಯಬೇಕು. ಹೂಂ ನಿಂತಿತು ಅಂದರೆ ಕೇಳುವವರಿಗೆ ನಿದ್ದೆ ಬಂತು ಅಂತ ಅರ್ಥ, ಹೇಳುವವರು ಅಲ್ಲಿಗೇ ನಿಲ್ಲಿಸಿ ತಾವೂ ಮಲಗಬೇಕು. ಹೂಂ ಇಲ್ಲದೆ ಹೇಳಿದ ಕಥೆ ದಾರಿ ತಪ್ಪಿ ಹೋಗುತ್ತದೆ ಅಂತ ಅಜ್ಜಿ ನಂಬಿದ್ದರು. ಎಲ್ಲಿಗೆ ಹೋಗುತ್ತದೆ ಅಜ್ಜಿ ಅಂದರೆ, ಯಾರಿಗವ್ವ ಗೊತ್ತು ಅನ್ನುತ್ತಿದ್ದರು.

ಅಜ್ಜಿಯ ಬಾಯಲ್ಲಿ ಆ ಹೂಂ ಸಹಜವಾಗಿಯೇ ‘ಊಂ’ ಆಗುತ್ತಿತ್ತು. ಆ ಒಂದು ಅಕ್ಷರದಲ್ಲಿ ಅಜ್ಜಿ ಏನೆಲ್ಲ ಮಾಡುತ್ತಿದ್ದರು! ರಾಜ ಬೇಟೆಗೆ ಹೊರಟ ಅಂದರೆ ‘ಹೋಗಲಿ, ನನಗೇನು’ ಅನ್ನುವಂಥ ಚಿಕ್ಕ ಊಂ. ಹೊರಟವನಿಗೆ ಕಾಡಲ್ಲಿ ಒಬ್ಬಳು ಚೆಂದದ ಹೆಂಗಸು ಸಿಕ್ಕಳು ಅಂದರೆ ‘ನನಗೆ ಮೊದಲೇ ಗೊತ್ತಿತ್ತು’ ಅನ್ನುವ, ಬಾಲ ಎಳೆದ ಊಂ. ಮಲತಾಯಿ ಬಂದಳು ಅಂದರೆ ಹಲ್ಲು ಕಚ್ಚಿ. ಮಗು ಸಿಕ್ಕಿತು ಅಂದರೆ ಮೂಗು ಒರೆಸಿಕೊಳ್ಳುತ್ತ. ಇವುಗಳ ನಡುವೆ ಸಲಹೆಗಳೂ ಇರುತ್ತಿದ್ದವು. ಕಥೆಯೊಳಗಿನವರನ್ನು ನೇರವಾಗಿ ಕರೆದು, ಆ ದಾರೀಲಿ ಓಗ್ಬ್ಯಾಡ ಕಣಪ್ಪ ಅಂತ ಎಚ್ಚರಿಸುತ್ತಿದ್ದರು. ಅವರು ಕೇಳದೆ ಹೋಗಿ ಹಳ್ಳಕ್ಕೆ ಬಿದ್ದರೆ ಅಜ್ಜಿಗೆ ಕೋಪ ಬರುತ್ತಿದ್ದದ್ದು ಕಥೆ ಹೇಳಿದವರ ಮೇಲೆ ಅಲ್ಲ, ಆ ಮೂರ್ಖನ ಮೇಲೆ.

ನಾನು ಶಾಲೆ ಬಿಟ್ಟವಳೇ ಅಲ್ಲಿಗೆ ಓಡುತ್ತಿದ್ದೆ. ಹತ್ತಿಯ ರಾಶಿಯ ಮೇಲೆ ಕೂತು ಕಥೆ ಹೇಳುತ್ತಿದ್ದೆ. ಪಾಠದ ಕಥೆ, ಮಠದಲ್ಲಿ ಕೇಳಿದ ಕಥೆ, ಅವು ಮುಗಿದರೆ ನಮ್ಮ ಬೀದಿಯವರ ಮೇಲೆ ಕಟ್ಟಿದ ಸುಳ್ಳು ಕಥೆ. ಎಲ್ಲಕ್ಕೂ ಊಂ ಇತ್ತು. ಆದರೆ ಒಂದು ತೊಡಕಿತ್ತು. ಹಾಸಿಗೆ ಹೊಲಿಯುವವರಿಗೆ ಎರಡೂ ಕೈಗೆ ಕೆಲಸ. ಒಂದು ಕೈ ಹತ್ತಿಯನ್ನು ಅದುಮಿ ಹಿಡಿದರೆ ಇನ್ನೊಂದು ದಬ್ಬಳ ಚುಚ್ಚುತ್ತದೆ, ಹಾಗಾಗಿ ಹುರಿದಾರದ ತುದಿ ಹಲ್ಲಿನ ನಡುವೆ ಇರಬೇಕು. ದಾರ ಹಲ್ಲಲ್ಲಿದ್ದಾಗ ಅಜ್ಜಿಯ ಬಾಯಿಂದ ಒಂದು ಸದ್ದೂ ಹೊರಡುತ್ತಿರಲಿಲ್ಲ. ಅವರ ಅತ್ತೆ ಕಲಿಸಿದ ಶಿಸ್ತಂತೆ ಅದು, ಮಾತಾಡಿದರೆ ದಾರ ಸಡಿಲವಾಗಿ ಹಾಸಿಗೆ ಗಂಟುಗಂಟಾಗುತ್ತದೆ ಅಂತ. ಹೊಲಿಗೆ ಬಿಗಿದು, ಗಂಟು ಹಾಕಿ, ದಾರ ಕತ್ತರಿಸಿದ ಮೇಲಷ್ಟೇ ಊಂ.

ನಾನೂ ಕಿಲಾಡಿ. ಅಜ್ಜಿ ದಾರ ಕಚ್ಚುವುದನ್ನೇ ಕಾಯುತ್ತಿದ್ದೆ. ಕಚ್ಚಿದರೋ, ಕಥೆಯನ್ನು ಓಡಿಸಿಕೊಂಡು ಹೋಗಿ, ಹುಲಿ ಇನ್ನೇನು ಹಾರಬೇಕು ಅನ್ನುವಲ್ಲಿ ನಿಲ್ಲಿಸಿ ಸುಮ್ಮನಾಗಿಬಿಡುತ್ತಿದ್ದೆ. ಅಜ್ಜಿಯ ಕಣ್ಣು ಅಗಲ, ದಬ್ಬಳ ಜೋರು. ಗಂಟು ಹಾಕುವ ಅವಸರ ನೋಡಬೇಕಿತ್ತು. ದಾರ ಕತ್ತರಿಸಿದ ಮರುಕ್ಷಣವೇ ‘ಊಂ, ಆಮ್ಯಾಕೆ?’ ಅಂತ ಹೊರಗೆ ಬೀಳುತ್ತಿತ್ತು. ಆಮೇಲೆ ನಾನು ನಿಧಾನವಾಗಿ ಹುಲಿಯನ್ನು ಹಾರಿಸುತ್ತಿದ್ದೆ. ಅದು ಆಟ ಅಂತಲೇ ನಾನು ಅಂದುಕೊಂಡಿದ್ದು. ಕಥೆ ಹೇಳುವುದರಲ್ಲಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವ ಪಾಠವೆಲ್ಲ ಆ ಹತ್ತಿಯ ರಾಶಿಯ ಮೇಲೆಯೇ ಆಗಿಹೋಯಿತು ಅಂತ ತಿಳಿದದ್ದು ಬಹಳ ತಡವಾಗಿ.

ಗಣೇಶನ ಹಬ್ಬಕ್ಕೆ ನಮ್ಮ ಬೀದಿಯಲ್ಲಿ ಪೆಂಡಾಲ್ ಹಾಕಿ ದಿನಾ ಸಂಜೆ ಒಂದೊಂದು ಕಾರ್ಯಕ್ರಮ ಇಡುತ್ತಿದ್ದರು. ಕಥಾಕೀರ್ತನೆ ಇದ್ದ ದಿನ ಮುಂದಿನ ಸಾಲಿನ ನಡುವಿನ ಜಾಗ ಅಜ್ಜಿಯದು. ಅಲ್ಲೂ ಅವರದು ಅದೇ ಹಳ್ಳಿಯ ಪದ್ಧತಿ. ನಮ್ಮ ಬೀದಿಯ ಜನಕ್ಕೆ ಅದು ಅಭ್ಯಾಸವಾಗಿ, ಅಜ್ಜಿಯ ಹಿಂದೆಯೇ ಹೆಂಗಸರ ಸಾಲು, ಅದರ ಹಿಂದೆ ಗಂಡಸರು, ಎಲ್ಲರೂ ಮೆಲ್ಲಗೆ ಹೂಂ ಅನ್ನಲು ಶುರು ಮಾಡುತ್ತಿದ್ದರು. ಬಂದ ಕೀರ್ತನಕಾರರಲ್ಲಿ ಕೆಲವರಿಗೆ ಇದು ಖುಷಿ, ಕೆಲವರಿಗೆ ಕಿರಿಕಿರಿ. ಒಮ್ಮೆ ಹೊರಗಿನಿಂದ ಬಂದಿದ್ದ ದೊಡ್ಡ ವಿದ್ವಾಂಸರೊಬ್ಬರು ತಾಳ ನಿಲ್ಲಿಸಿ, ತಾಯಿ, ಇದು ಶಾಂತವಾಗಿ ಕೇಳಬೇಕಾದ ವಿಷಯ, ನಡುವೆ ಸದ್ದು ಮಾಡಬಾರದು ಅಂತ ಬಹಳ ಸಮಾಧಾನದಿಂದ ತಿಳಿಸಿ ಹೇಳಿದರು. ಅಜ್ಜಿ ಗಮನವಿಟ್ಟು ಕೇಳಿ, ಕೊನೆಗೆ ‘ಊಂ’ ಅಂದರು. ಪೆಂಡಾಲ್ ಬಿದ್ದು ಬಿದ್ದು ನಕ್ಕಿತು, ವಿದ್ವಾಂಸರೂ ನಕ್ಕುಬಿಟ್ಟರು.

ನಮ್ಮ ಮನೆಯವರು ಮಠಕ್ಕೆ ನಡೆದುಕೊಳ್ಳುವವರು. ಅಲ್ಲಿ ಕೀರ್ತನೆ ಕಲಿಸುತ್ತಿದ್ದ ಮೇಷ್ಟ್ರ ಹತ್ತಿರ ನಾನೂ ಸೇರಿಕೊಂಡಿದ್ದೆ. ಪಿಯುಸಿ ಮುಗಿದ ವರ್ಷ, ಇನ್ನು ಮುಂದೆ ಇದನ್ನೇ ಮಾಡುತ್ತೇನೆ ಅಂತ ಮನೆಯಲ್ಲಿ ಬಾಯಿಬಿಟ್ಟೆ. ಅಪ್ಪ ಬೇಡ ಅನ್ನಲಿಲ್ಲ. ಬೇಳೆ ತೂಗುತ್ತಿದ್ದವರು ತೂಗುತ್ತಲೇ ಒಂದು ಮಾತು ಹೇಳಿದರು. ಈ ಸಲದ ಪೆಂಡಾಲಿನಲ್ಲಿ ಒಂದು ಕಥೆ ಮಾಡು. ಜನ ಕೊನೆಯವರೆಗೂ ಕೂತರೆ ನಿನ್ನಿಷ್ಟ. ನಡುವೆ ಎದ್ದು ಹೋದರೆ ಮಾರನೇ ದಿನವೇ ಟೈಪಿಂಗ್ ಕ್ಲಾಸು. ಟೈಪಿಂಗ್ ಕ್ಲಾಸಿಗೆ ಆಗಲೇ ವಿಚಾರಿಸಿಕೊಂಡೂ ಬಂದಿದ್ದರು ಅನ್ನುವುದು ಅಮ್ಮನಿಂದ ತಿಳಿಯಿತು.

ನನಗೆ ಭಯವೇನೂ ಆಗಲಿಲ್ಲ. ಹಾಸಿಗೆ ಅಜ್ಜಿ ಇದ್ದಾರಲ್ಲ! ಅವರು ಒಂದು ಊಂ ಅಂದರೆ ಸಾಕು, ಪೆಂಡಾಲಿಗೆ ಪೆಂಡಾಲೇ ನನ್ನ ಜೊತೆ ಬರುತ್ತದೆ ಅನ್ನುವ ಧೈರ್ಯ. ಆದರೆ ಪೆಂಡಾಲಿನ ಕಾರ್ಯದರ್ಶಿಗಳಿಗೆ ಬೇರೆ ಯೋಚನೆ. ಅವರು ಒಳ್ಳೆಯವರೇ. ಬೀದಿಯ ಹುಡುಗಿಯ ಮೊದಲ ಕಥೆ ಅಂತ ಯಾರ ಹತ್ತಿರವೋ ಟೇಪ್ ರೆಕಾರ್ಡರ್ ಕಾಡಿ ಬೇಡಿ ತಂದಿದ್ದರು. ಹಿಂದಿನ ದಿನ ಅಜ್ಜಿಯ ಅಂಗಡಿಗೆ ಹೋಗಿ, ಈ ಸಲ ಎಲ್ಲ ಕ್ಯಾಸೆಟ್ ಆಗುತ್ತೆ ಅಜ್ಜಿ, ಒಂದು ಸಣ್ಣ ಸದ್ದು ಮಾಡಿದರೂ ಮಗುವಿನ ಕಥೆ ಕೆಟ್ಟುಹೋಗುತ್ತೆ, ನಿಮಗೆ ಕೈ ಮುಗೀತೀನಿ ಅಂತ ಹೇಳಿ ಬಂದಿದ್ದರು. ಇದೊಂದೂ ನನಗೆ ಗೊತ್ತಿರಲಿಲ್ಲ.

ಸಂಜೆ ದೀಪ ಹತ್ತಿದವು. ರೇಷ್ಮೆ ಸೀರೆ, ಕೈಯಲ್ಲಿ ತಾಳ, ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಮೇಷ್ಟ್ರು. ನಾನು ಆರಿಸಿಕೊಂಡಿದ್ದು ಕಾಡುಪಾಲಾದ ರಾಣಿಯೊಬ್ಬಳ ಕಥೆ. ರಾಜನ ಅನುಮಾನಕ್ಕೆ ಗುರಿಯಾಗಿ, ಎಳೇ ಮಗುವನ್ನು ಎತ್ತಿಕೊಂಡು ಅರಮನೆ ಬಿಟ್ಟವಳು ಹೊಳೆಯ ದಡಕ್ಕೆ ಬರುತ್ತಾಳೆ. ದಾಟಿಸಬೇಕಾದರೆ ಏನಾದರೂ ಕೊಡು ಅನ್ನುತ್ತಾನೆ ಅಂಬಿಗ. ಅವಳ ಹತ್ತಿರ ಉಳಿದಿರುವುದು ಗಂಡ ಕೊಟ್ಟ ಮೂಗುಬೊಟ್ಟು ಒಂದೇ. ಅದನ್ನು ಕೊಟ್ಟುಬಿಟ್ಟರೆ ತಾನು ರಾಣಿ ಅನ್ನುವುದಕ್ಕೆ ಬೇರೆ ಗುರುತೇ ಇಲ್ಲ. ಅಜ್ಜಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೆನೋ, ಪ್ರತಿ ಸಲವೂ ಅವರು ಮೂಗುಬೊಟ್ಟು ಕೊಡಬೇಡ ಅಂತ ರಾಣಿಗೆ ಬುದ್ಧಿ ಹೇಳುತ್ತಿದ್ದರು, ಪ್ರತಿ ಸಲವೂ ರಾಣಿ ಕೊಟ್ಟುಬಿಡುತ್ತಿದ್ದಳು.

ಮೇಷ್ಟ್ರು ಕಲಿಸಿದ ಗ್ರಾಂಥಿಕ ಕನ್ನಡದಲ್ಲಿ ನಾನು ಅರಮನೆಯ ವೈಭವವನ್ನು ಶುರು ಮಾಡಿದೆ. ಒಂದು ವಾಕ್ಯ ಮುಗಿಸಿ ಅಭ್ಯಾಸದಂತೆ ತಡೆದೆ. ಊಂ ಬರಲಿಲ್ಲ. ಕೇಳಿಸಲಿಲ್ಲವೇನೋ ಅಂದುಕೊಂಡು ಮುಂದಿನದನ್ನು ಇನ್ನೂ ಗಟ್ಟಿಯಾಗಿ ಹೇಳಿದೆ. ಇಲ್ಲ. ಅಜ್ಜಿ ತಮ್ಮ ಜಾಗದಲ್ಲೇ ಇದ್ದರು, ಮದುವೆ ಮನೆಗಳಿಗೆ ಉಡುವ ಹಸಿರು ಸೀರೆ ಉಟ್ಟುಕೊಂಡು ನೆಟ್ಟಗೆ ಕೂತಿದ್ದರು. ಕಣ್ಣು ನನ್ನ ಮೇಲೆ, ಬಾಯಿ ಮಾತ್ರ ಬಿಗಿ. ಅಜ್ಜಿಯೇ ಸುಮ್ಮನಿರುವಾಗ ಉಳಿದವರು ಹೂಂ ಅನ್ನುವುದಾದರೂ ಹೇಗೆ? ಏನೋ ಆಗಬಾರದ್ದು ಆಗಿದೆ ಅನ್ನುವ ಹಾಗೆ ಇಡೀ ಪೆಂಡಾಲ್ ಬಾಯಿ ಮುಚ್ಚಿ ಕೂತಿತ್ತು.

ಆ ನಿಶ್ಶಬ್ದದಲ್ಲಿ ನನ್ನ ಮಾತು ನನಗೇ ಬೇರೆ ಯಾರದೋ ಮಾತಿನಂತೆ ಕೇಳಿಸತೊಡಗಿತು. ಅರಮನೆಯಿಂದ ರಾಣಿಯನ್ನು ಹೊರಗೆ ಹಾಕಿದ್ದಾಯಿತು, ಕಾಡು ಹೊಗಿಸಿದ್ದಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಮಗುವನ್ನು ಎತ್ತಿಕೊಂಡು ಎದ್ದರು. ಅವರ ಹಿಂದೆಯೇ ಇನ್ನಿಬ್ಬರು ಚಪ್ಪಲಿ ಹುಡುಕುತ್ತಿದ್ದರು. ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದ ಅಪ್ಪ ಅವರನ್ನು ನೋಡಿ, ಆಮೇಲೆ ನೆಲ ನೋಡಿದರು. ಟೈಪಿಂಗ್ ಮೆಷಿನ್ನಿನ ಟಕಟಕ ನನ್ನ ಕಿವಿಯಲ್ಲೇ ಶುರುವಾಯಿತು. ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ವರ್ಷ ಊರಿನವರಿಗೆಲ್ಲ ಊಂ ಅಂದು ನನ್ನ ದಿನವೇ ಹೀಗೆ ಮಾಡುವುದೇ ಅಂತ ಕಣ್ಣು ಕೆಕ್ಕರಿಸಿ ಅವರನ್ನು ನೋಡಿದೆ.

ಆಗ ಕಂಡಿತು. ಅಜ್ಜಿಯ ಬಾಯಿಯ ಅಂಚಿನಿಂದ ಬಿಳಿಯದೇನೋ ಇಳಿಬಿದ್ದಿತ್ತು. ಹುರಿದಾರ! ಹಾಸಿಗೆ ಹೊಲಿಯುವ ಹುರಿದಾರದ ತುಂಡೊಂದನ್ನು ಮನೆಯಿಂದ ತಂದು, ಹಲ್ಲಿನ ನಡುವೆ ಕಚ್ಚಿಕೊಂಡು ಕೂತಿದ್ದರು. ದಾರ ಹಲ್ಲಲ್ಲಿದ್ದರೆ ತಮ್ಮ ಬಾಯಿಂದ ಸದ್ದು ಹೊರಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತಲ್ಲ. ಪಾಪ, ಬರುತ್ತಿದ್ದ ಊಂ ಅನ್ನೆಲ್ಲ ಒಳಗೇ ಅದುಮಿ ಅದುಮಿ ಕುತ್ತಿಗೆಯ ನರ ಉಬ್ಬಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಪೆಂಡಾಲ್ ಹೋಗಿ ಹತ್ತಿಯ ರಾಶಿ ಬಂತು. ದಾರ ಕಚ್ಚಿದ ಅಜ್ಜಿಯ ಮುಂದೆ ಏನು ಮಾಡಬೇಕು ಅನ್ನುವುದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು?

ಗ್ರಾಂಥಿಕವನ್ನು ಅಲ್ಲೇ ಬಿಟ್ಟೆ. ರಾಣಿಯನ್ನು ಎಳೆದುಕೊಂಡು ಓಡಿ ಹೊಳೆಯ ದಡಕ್ಕೆ ತಂದೆ. ಹೊಳೆ ತುಂಬಿದೆ, ಹಿಂದೆ ರಾಜನ ಕುದುರೆಗಳ ಸದ್ದು, ಕಂಕುಳಲ್ಲಿ ಮಗು ಅಳುತ್ತಿದೆ, ಅಂಬಿಗ ಕೈ ಚಾಚಿದ್ದಾನೆ. ರಾಣಿ ಮೆಲ್ಲಗೆ ಕೈ ಎತ್ತಿ ಮೂಗುಬೊಟ್ಟಿನ ತಿರುಪನ್ನು ಹಿಡಿದಳು… ಅಷ್ಟು ಹೇಳಿ ನಿಲ್ಲಿಸಿಬಿಟ್ಟೆ. ತಾಳ ನಿಲ್ಲಿಸಿದೆ. ಕೈಯನ್ನು ಮೂಗಿನ ಹತ್ತಿರವೇ ಇಟ್ಟುಕೊಂಡು ಅಜ್ಜಿಯನ್ನು ನೋಡುತ್ತ ನಿಂತೆ. ನಾನು ಮರೆತೆ ಅಂದುಕೊಂಡು ಮೇಷ್ಟ್ರು ಹಿಂದಿನಿಂದ ಮುಂದಿನ ಸಾಲನ್ನು ಪಿಸುಗುಟ್ಟಿದರು. ಕಾರ್ಯದರ್ಶಿಗಳು ಟೇಪ್ ರೆಕಾರ್ಡರಿನ ಪಕ್ಕದಿಂದ ಹೇಳಮ್ಮ ಹೇಳು ಅಂತ ಕೈ ತಿರುಗಿಸಿದರು. ಚಪ್ಪಲಿ ಹುಡುಕುತ್ತಿದ್ದವರೂ ಏನಾಯಿತು ಅಂತ ತಿರುಗಿ ನಿಂತರು. ನಾನು ಬಾಯಿ ತೆರೆಯಲಿಲ್ಲ. ಅಜ್ಜಿಯ ಕಣ್ಣು ಅಗಲವಾಯಿತು, ಇನ್ನೂ ಅಗಲವಾಯಿತು. ಕಾರ್ಯದರ್ಶಿಗಳ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಕೊನೆಗೆ ದಾರವನ್ನು ಸರ್ರಂತ ಎಳೆದು ಬಿಸಾಕಿದರು.

“ಕೊಡ್ಬ್ಯಾಡ ಕಣವ್ವ ಅಂತ ಎಷ್ಟ್ ಕಿತ ಏಳಿವ್ನಿ! ಕೊಟ್ಬುಟ್ಲಾ?”

“ಕೊಟ್ಬುಟ್ಲು ಕಣಜ್ಜಿ,” ಅಂದೆ ನಾನು.

“ಊಂ…”

ಎಂಥ ಊಂ ಅದು! ಅಷ್ಟು ಹೊತ್ತು ಅದುಮಿಟ್ಟಿದ್ದೆಲ್ಲ ಅದರಲ್ಲಿ ಹೊರಗೆ ಬಂತು. ಪೆಂಡಾಲ್ ಘೊಳ್ಳೆಂದು ನಕ್ಕಿತು. ನಗು ಇಳಿಯುವ ಹೊತ್ತಿಗೆ ಹೆಂಗಸರ ಸಾಲಿನಿಂದ ಯಾರೋ ‘ಆಮೇಲೆ?’ ಅಂದರು. ಚಪ್ಪಲಿ ಹಾಕಿಕೊಂಡಿದ್ದವರು ಚಪ್ಪಲಿಯ ಮೇಲೆಯೇ ಕೂತರು. ಅಲ್ಲಿಂದ ಮುಂದೆ ಕಥೆಯನ್ನು ನಾನು ಒಬ್ಬಳೇ ಹೇಳಲಿಲ್ಲ. ಅಂಬಿಗನನ್ನು ಬೈದವರು ಕೆಲವರು, ರಾಣಿಗೆ ದಾರಿ ತೋರಿಸಿದವರು ಕೆಲವರು. ಬೇಕಾದ ಕಡೆ ಮೇಷ್ಟ್ರ ಕನ್ನಡ, ಬೇಡದ ಕಡೆ ನಮ್ಮ ಬೀದಿಯ ಕನ್ನಡ. ಅಂಬಿಗನ ಹೆಂಡತಿಯ ಮೂಗಿನಲ್ಲಿ ಆ ಬೊಟ್ಟನ್ನು ರಾಜ ಗುರುತಿಸುವ ಜಾಗಕ್ಕೆ ಬಂದಾಗ, ಅಜ್ಜಿಯ ಊಂ ಅಳುವಿನಲ್ಲಿ ಮುರಿದುಹೋಗಿ, ಪಕ್ಕದವರು ಅವರ ಪರವಾಗಿ ಹೂಂ ಅಂದರು. ಮಂಗಳ ಹಾಡುವವರೆಗೆ ಯಾರೂ ಏಳಲಿಲ್ಲ. ಏಳಲು ಹೊರಟಿದ್ದ ಒಬ್ಬರನ್ನು ಅಪ್ಪನೇ ಭುಜ ಹಿಡಿದು ಕೂರಿಸಿದರು ಅಂತ ಅಮ್ಮ ಆಮೇಲೆ ಆಡಿಕೊಂಡು ನಗುತ್ತಿದ್ದಳು. ಅಪ್ಪ ಮಾತ್ರ ಆ ವಿಷಯ ಒಪ್ಪಿಕೊಳ್ಳಲೇ ಇಲ್ಲ. ಟೈಪಿಂಗ್ ಕ್ಲಾಸಿನ ಮಾತನ್ನೂ ಮತ್ತೆ ಎತ್ತಲಿಲ್ಲ.

ಮಾರನೇ ದಿನ ಅಂಗಡಿಗೆ ಹೋದರೆ ಅಜ್ಜಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ನನ್ನ ಕೈ ಹಿಡಿದುಕೊಂಡು, ಕ್ಯಾಸೆಟ್ಟು ಕೆಟ್ಟೋಯ್ತೇನವ್ವ ಅಂತ ಕೇಳಿದರು. ಇಲ್ಲ ಅಜ್ಜಿ, ಅದು ಚೆನ್ನಾಗಾಗಿದ್ದೇ ನಿಮ್ಮಿಂದ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡು ನನ್ನ ತಲೆ ಸವರಿದರು. ಆಮೇಲೆ ದಾರ ಹಲ್ಲಿಗೆ ಕಚ್ಚಿಕೊಂಡು, ಕಣ್ಣಿನಲ್ಲೇ ಒಂದು ಕಥೆ ಹೇಳು ಅಂದರು.

ಆ ಕ್ಯಾಸೆಟ್ಟಿನ ಮೇಲೆ ಮುಂದಿನ ವರ್ಷದ ಹಬ್ಬಕ್ಕೆ ಆರ್ಕೆಸ್ಟ್ರಾದವರ ಹಾಡು ರೆಕಾರ್ಡ್ ಮಾಡಿದರಂತೆ. ನಮಗೆ ಆಗ ಅದು ದೊಡ್ಡ ವಿಷಯವೂ ಅನ್ನಿಸಲಿಲ್ಲ. ಅಜ್ಜಿ ಎದುರುಗಡೆಯೇ ಇದ್ದರಲ್ಲ, ಅವರ ದನಿಯನ್ನು ಕ್ಯಾಸೆಟ್ಟಿನಲ್ಲಿ ಯಾಕೆ ಇಟ್ಟುಕೊಳ್ಳಬೇಕು…

ಆಮೇಲೆ ನಾನು ಎಷ್ಟೋ ಕಡೆ ಕಥೆ ಹೇಳಿದೆ. ಎಲ್ಲಿ ಹೋದರೂ ಮೊದಲು ಹುಡುಕುವುದು ಊಂ ಅನ್ನುವ ಮುಖವನ್ನು. ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ತಯಾರು ಮಾಡಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಗೋಕುಲಂನಲ್ಲಿ ಯೋಗ ಕಲಿಯಲು ಬಂದ ವಿದೇಶದವರಿಗೆ ಕಥೆ ಹೇಳಬೇಕು ಅಂತ ಕರೆದರು. ನಾನು ಹೇಳುವುದು, ಒಬ್ಬರು ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ತಿಳಿಸುವುದು. ಸ್ವಲ್ಪ ಹೊತ್ತಿಗೆ ನೋಡಿದರೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ. ಒಬ್ಬರ ಉಸಿರೂ ಕೇಳಿಸುತ್ತಿಲ್ಲ. ಎಲ್ಲ ನಿದ್ದೆ ಹೋದರು ಅಂದುಕೊಂಡು ಅಜ್ಜಿಯ ಪದ್ಧತಿಯಂತೆ ಕಥೆ ನಿಲ್ಲಿಸಿ, ನೀರು ಕುಡಿದು, ಚೀಲ ಎತ್ತಿಕೊಂಡೆ. ಅವರು ಗಾಬರಿಯಾಗಿ ಕಣ್ಣು ಬಿಟ್ಟು, ನಾವು ಬಹಳ ಶ್ರದ್ಧೆಯಿಂದ ಕೇಳುತ್ತಿದ್ದೆವು ಅಂದರು. ಶ್ರದ್ಧೆ ನಿಮ್ಮ ಹತ್ತಿರವೇ ಇರಲಿ, ನನಗೆ ಊಂ ಕೊಡಿ ಅಂದೆ. ಹೇಗೆ ಅನ್ನಬೇಕು ಅಂತ ಹೇಳಿಯೂ ಕೊಟ್ಟೆ. ಕಲಿಸುವಾಗ ಗೊತ್ತಿಲ್ಲದೆಯೇ ಬಾಯಿಗೆ ಅಜ್ಜಿಯ ಊಂ ಬಂದುಬಿಟ್ಟಿತು. ಹಾಗಾಗಿ ಯಾವ ಯಾವ ದೇಶದಲ್ಲೋ ಈಗ ಕೆಲವರು ತಿ. ನರಸೀಪುರದ ಕಡೆಯ ಊಂ ಅನ್ನುತ್ತಿರಬಹುದು. ಅಜ್ಜಿಗೆ ತಿಳಿದಿದ್ದರೆ ಎಷ್ಟು ನಗುತ್ತಿದ್ದರೋ.

ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ. ಫೋಮ್ ಹಾಸಿಗೆಗಳು ಬಂದ ಮೇಲೆ ಮಗ ಅಂಗಡಿಯಲ್ಲಿ ದಿಂಬು, ಪರದೆ ಮಾರಲು ಶುರು ಮಾಡಿದ್ದರು. ಅಜ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾವೇ ಹೊಲಿದ ಹಾಸಿಗೆಯ ಮೇಲೆ ಮಲಗಿರುತ್ತಿದ್ದರು. ನಾನು ಕೊನೆಯ ಸಲ ನೋಡಲು ಹೋದಾಗ ಮಧ್ಯಾಹ್ನ. ಕಣ್ಣು ಮಂಜಾಗಿತ್ತು, ಕೈ ಮುಟ್ಟಿ ನನ್ನ ಗುರುತು ಹಿಡಿದರು. ಅದೇ ರಾಣಿಯ ಕಥೆ ಹೇಳು ಅಂದರು. ಹೇಳಿದೆ. ಊಂ ಬರುತ್ತಿತ್ತು, ಮೊದಲಿನಂತೆ ಗಟ್ಟಿಯಾಗಿಯಲ್ಲ. ಹೊಳೆಯ ದಡಕ್ಕೆ ಬಂದಾಗ ನಾನು ನಿಲ್ಲಿಸಿ ಕಾದೆ. ಮೂಗುಬೊಟ್ಟು ಕೊಡಬೇಡ ಅಂತ ರಾಣಿಗೆ ಹೇಳುತ್ತಾರೆ ಅಂತ ಕಾದೆ. ಅಜ್ಜಿ “ಕೊಟ್ಬುಡ್ಲಿ ಬುಡು, ಅತ್ಲಾಗೆ ದಾಟ್ಲಿ” ಅಂದರು. ಅಷ್ಟು ವರ್ಷದಲ್ಲಿ ಅವರು ಹಾಗೆ ಅಂದದ್ದು ಅದೊಂದೇ ಸಲ. ರಾಣಿ ಹೊಳೆ ದಾಟುವಾಗ ಊಂ ನಿಂತಿತು. ನೋಡಿದರೆ ನಿದ್ದೆ ಹೋಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಅವರ ಪದ್ಧತಿಯಂತೆ ನಾನು ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ಹೊದಿಕೆ ಸರಿಮಾಡಿ ಎದ್ದು ಬಂದೆ. ಬಹಳ ದಿನದ ಮೇಲೆ ಅವತ್ತು ಚೆನ್ನಾಗಿ ನಿದ್ದೆ ಮಾಡಿದರು ಅಂತ ಸೊಸೆ ಫೋನ್ ಮಾಡಿ ಹೇಳಿದರು. ಆ ಕಥೆಯನ್ನು ಮುಗಿಸಲು ಇನ್ನೊಮ್ಮೆ ಹೋಗಬೇಕು ಅಂದುಕೊಂಡಿದ್ದೆ… ಹೋಗುವಷ್ಟರಲ್ಲಿ ಬೇರೆ ಸುದ್ದಿ ಬಂತು. ಆ ದಿನ ನಾನು ಅತ್ತಷ್ಟು ನನ್ನ ಸ್ವಂತ ಅಜ್ಜಿಗೂ ಅತ್ತಿಲ್ಲ.

ಇದೆಲ್ಲ ಆ ಹಾಸಿಗೆಗಳ ಕೋಣೆಯಲ್ಲಿ ನಿಂತಾಗ ನೆನಪಾಯಿತು. ಮೈಕಿನ ಮುಂದೆ ಕೂತೆ. ಹುಡುಗಿ ಹೊರಗಿನ ಕೋಣೆಗೆ ಹೋಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಶುರು ಮಾಡಿ ಅಂತ ಕೈ ಸನ್ನೆ ಮಾಡಿದಳು. ನನ್ನ ಎದುರಿಗೆ ಹಾಸಿಗೆಗಳು ಮಾತ್ರ. ಅವಳು ಹೇಳಿದ್ದು ನಿಜ, ಅವು ಆಡಿದ ಮಾತನ್ನೆಲ್ಲ ಕುಡಿದುಬಿಡುತ್ತಿದ್ದವು. ರಾಣಿಯ ಕಥೆಯನ್ನೇ ಹೇಳಿದೆ. ಹಾಸಿಗೆಗಳ ಕಡೆ ನೋಡಿಕೊಂಡು ಹೇಳಿದ್ದಕ್ಕೋ ಏನೋ, ಎಲ್ಲೂ ತಡವರಿಸಲಿಲ್ಲ.

ಮುಗಿದ ಮೇಲೆ ಹುಡುಗಿ ಕಂಪ್ಯೂಟರಿನಲ್ಲಿ ನನ್ನ ದನಿಯ ಏರಿಳಿತವನ್ನು ಗೆರೆಗಳಾಗಿ ತೋರಿಸಿದಳು. ಕಥೆ ಸೂಪರ್ ಆಗಿದೆ ಮೇಡಂ, ಆದರೆ ಇಲ್ಲಿ ನೋಡಿ, ಪ್ರತಿ ಎರಡು ಮೂರು ಮಾತಿಗೆ ಒಂದು ಗ್ಯಾಪ್ ಬಿಟ್ಟಿದ್ದೀರಿ ಅಂದಳು. ನೋಡಿದರೆ ಹೌದು. 

“ತೆಗೆದುಬಿಡ್ಲಾ ಮೇಡಂ? ಮಕ್ಕಳು ಫೋನ್ ಸ್ಟಕ್ ಆಯ್ತು ಅಂದ್ಕೋತಾರೆ.”

ಅವು ಒಂದೊಂದೂ ಒಂದು ಊಂ ಹಿಡಿಸುವಷ್ಟೇ ಅಗಲ ಇದ್ದವು. ಇಷ್ಟು ವರ್ಷ ನಾನು ಎಲ್ಲ ಕಥೆಗಳಲ್ಲೂ ಆ ಜಾಗ ಬಿಡುತ್ತಲೇ ಬಂದಿದ್ದೇನೆ ಅಂತ ಆ ಗೆರೆಗಳನ್ನು ನೋಡುವವರೆಗೆ ನನಗೇ ಗೊತ್ತಿರಲಿಲ್ಲ. ತೆಗೆಯಬೇಡ ಅಂದೆ. ಅವಳು ಕಂಪನಿಯವರು ಒಪ್ಪುವುದಿಲ್ಲ ಅಂದಳು. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿಗೆ ಚೌಕಾಸಿ ಮಾಡುವ ಹಾಗೆ ಇಬ್ಬರೂ ಎಳೆದಾಡಿದೆವು. ಕೊನೆಗೆ ಚಿಕ್ಕ ಪುಟ್ಟವನ್ನು ನಾನು ಬಿಟ್ಟುಕೊಟ್ಟೆ. ಹೊಳೆಯ ದಡದ್ದನ್ನು ಮಾತ್ರ ಬಿಡಲಿಲ್ಲ. ಅಲ್ಲಿ ಯಾರು ಮಾತಾಡಬೇಕು ಮೇಡಂ ಅಂತ ಅವಳು ಕೇಳಿದಳು. ಇನ್ನೊಂದು ದಿನ ಹೇಳುತ್ತೇನೆ ಅಂದೆ.

ಮೊನ್ನೆ ಅವಳು ಕಥೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿದಳು. ನಾನು ಅಡುಗೆಮನೆಯಲ್ಲಿ ಅಕ್ಕಿರೊಟ್ಟಿಗೆ ಹಿಟ್ಟು ಕಲಸುತ್ತಿದ್ದೆ. ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ ಹಾಕಿಕೊಂಡೆ. ನನ್ನ ಕಥೆಯನ್ನು ನಾನೇ ಕೇಳುವುದು ಅದೇ ಮೊದಲು. ಹೊಳೆ ತುಂಬಿತು, ಕುದುರೆಗಳು ಬಂದವು, ರಾಣಿ ಮೂಗುಬೊಟ್ಟಿನ ತಿರುಪನ್ನು ಹಿಡಿದಳು. ಫೋನು ಸುಮ್ಮನಾಯಿತು. ಹುಡುಗಿ ಮಾತು ಉಳಿಸಿಕೊಂಡಿದ್ದಳು, ಆ ಜಾಗ ಹಾಗೇ ಇತ್ತು. ನಾನು ಕಾದೆ. ಹೂಂ ಇಲ್ಲದ ಕಥೆ ದಾರಿ ತಪ್ಪುತ್ತದೆ ಅಂದಿದ್ದರಲ್ಲ ಅಜ್ಜಿ, ಯಾರಾದರೂ ಅನ್ನಲೇಬೇಕಿತ್ತು. ಹಿಟ್ಟಿನ ಕೈಯಲ್ಲೇ ನಿಂತು, ಒಬ್ಬಳೇ, ‘ಊಂ’ ಅಂದೆ.

ಅಜ್ಜಿಯದರ ಹತ್ತಿರಕ್ಕೂ ಬರಲಿಲ್ಲ. ಆದರೂ ರಾಣಿ ದೋಣಿ ಹತ್ತಿದಳು.